ಅಂಧಗಜನ್ಯಾಯ

ಕುರುಡರು ಆನೆಯನ್ನು ಮುಟ್ಟಿನೋಡಿದ ಕಥೆಯನ್ನು ಅರಿಯದ ವಾಚಕರು ಇರಲಾರರು. ಕಾಲನ್ನು ಹಿಡಿದವನು ಕಂಬವೆಂದನು, ಕಿವಿಯನ್ನು ಹಿಡಿದವನು ಮೊರವೆಂದನು, ಬಾಲವನ್ನು ಹಿಡಿದವನು ಪೊರಕೆಯೆಂದನು. ಇದನ್ನೇ ಸಂಸ್ಕೃತದಲ್ಲಿ ಅಂಧಗಜನ್ಯಾಯವೆಂದು ಕರೆಯುವರು. ಮೂವತ್ತು ವರ್ಷಗಳ ಕಾಲ ನಾವು ಈ ನ್ಯಾಯವನ್ನು ಮಕ್ಕಳಿಗೆ ಬೋಧಿಸುತ್ತ ಬಂದೆವು. ಬಹುಕಾಲ ತಪ್ಪನ್ನು ಆ ಕುರುಡರ ಮೇಲೆಯೇ ಹೊರಿಸಿದೆವು. ಕಣ್ಣುಳ್ಳವನೊಬ್ಬನು ಪಕ್ಕದಲ್ಲಿ ನಿಂತು, "ಅಪ್ಪಾ, ನೀನು ಹಿಡಿದಿರುವುದು ಕಾಲು, ಇಂಥವು ಇನ್ನೂ ಮೂರು ಇವೆ, ಕೈಯನ್ನು ಮೇಲಕ್ಕೆ ಸರಿಸು" ಎಂದು ಏಕೆ ಹೇಳಲಿಲ್ಲವೆಂಬ ಪ್ರಶ್ನೆ ನಮಗೆ ಹೊಳೆದಿರಲಿಲ್ಲ.

ಅದನ್ನು ಹೊಳೆಯಿಸಿದವನು ನಮ್ಮ ತರಗತಿಯಲ್ಲಿದ್ದ ಒಬ್ಬ ಅಂಧ ಬಾಲಕ. ಅವನ ಧಾರಣಶಕ್ತಿಯು ಅಸಾಧಾರಣವಾದುದು. ಅಮರಕೋಶದಲ್ಲಿ ಪರ್ವತಕ್ಕಿರುವ ಪರ್ಯಾಯಪದಗಳನ್ನೆಲ್ಲ ತಡವರಿಸದೆ ಒಪ್ಪಿಸುತ್ತಿದ್ದನು. ನಾವು ಭೇಷ್ ಎನ್ನುತ್ತಿದ್ದೆವು. ಒಂದು ದಿನ ಪಾಠ ಮುಗಿದ ಮೇಲೆ ಅವನು ಮೆಲ್ಲಗೆ, "ಮೇಷ್ಟ್ರೇ, ಬೆಟ್ಟ ಅಂದರೆ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆಯೇ?" ಎಂದು ಕೇಳಿದನು. ಅಷ್ಟು ಹೆಸರುಗಳನ್ನು ಕಲಿಸಿದ ನಾವು ವಸ್ತುವನ್ನೇ ಅವನಿಗೆ ಕೊಟ್ಟಿರಲಿಲ್ಲ. ಭೂಪಟದ ಪಾಠದಲ್ಲಿ ಅವನನ್ನು ಸುಮ್ಮನೆ ಕೂರಿಸಿದ್ದುದನ್ನು ದಯೆಯೆಂದೇ ತಿಳಿದಿದ್ದೆವು! ಅಂದು ಸಂಜೆ ನಮ್ಮ ಮನೆಯವರು ಉಪ್ಪು ಬೆರೆಸಿ ಕಲಸಿಕೊಟ್ಟ ಗೋಧಿಹಿಟ್ಟಿನಿಂದ ಹಲಗೆಯ ಮೇಲೆ ಬೆಟ್ಟವನ್ನೂ ಕಣಿವೆಯನ್ನೂ ಮಾಡಿ, ಹೊಳೆಯ ಗುರುತಿಗೆ ದಾರವನ್ನು ಒತ್ತಿ, ಮರುದಿನ ಅವನ ಮುಂದಿಟ್ಟೆವು. ಎರಡು ಕೈಗಳಿಂದಲೂ ತಡವಿ, "ಕಣದಲ್ಲಿ ರಾಗಿಯ ರಾಶಿ ಹಾಕಿದ ಹಾಗಿದೆ" ಎಂದನು.

ದೃಷ್ಟಿಯು ಮೊದಲು ಸಮಸ್ತವನ್ನು ಹಿಡಿದು ಅನಂತರ ಅವಯವಗಳಿಗೆ ಇಳಿಯುವುದು. ಸ್ಪರ್ಶವಾದರೋ ಅವಯವಗಳಿಂದಲೇ ಸಮಸ್ತವನ್ನು ಕಟ್ಟಬೇಕು. ಆದುದರಿಂದ ಹಿರಿದಾದುದನ್ನು ಎರಡು ಕೈಗಳಿಗೆ ನಿಲುಕುವಷ್ಟು ಕಿರಿದುಮಾಡಿ, ಇರುವೆಯಂತಹ ಕಿರಿದಾದುದನ್ನು ಹಿರಿದುಮಾಡಿ ಕೊಡಬೇಕು. ಜತೆಗೆ ನಿಜವಾದ ಅಳತೆಯನ್ನೂ ಹೇಳಬೇಕು. ಇಲ್ಲವಾದರೆ ಆನೆಯು ಬೆಕ್ಕಿನಷ್ಟೆಂದು ಮಗು ನಂಬೀತು. ಬೊಂಬೆಯಾನೆಯ ಪಕ್ಕದಲ್ಲಿ ಅದೇ ಪ್ರಮಾಣದ ಮಾವುತನನ್ನು ನಿಲ್ಲಿಸುವುದು ಉತ್ತಮ.

ಇದು ಹೊಸ ಮಾತೇನೂ ಅಲ್ಲ. ಇಂಗ್ಲೆಂಡಿನ ಸಂಡರ್‌ಲೆಂಡ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಚಾರ್ಲ್‌ಟನ್ ಡೀಸ್ ಎಂಬ ಅಧಿಕಾರಿಗಳು 1913ರಷ್ಟು ಹಿಂದೆಯೇ ಅಂಧ ಮಕ್ಕಳನ್ನು ಕರೆಸಿ, ಸಂಗ್ರಹದ ವಸ್ತುಗಳನ್ನು ಅವರ ಕೈಗೆ ಒಪ್ಪಿಸಿದರು. ನಮ್ಮ ದೇಶದಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು 2015ರಲ್ಲಿ 'ಅನುಭವ' ಎಂಬ ವಿಭಾಗವನ್ನು ತೆರೆದು, ಪ್ರಾಚೀನ ವಸ್ತುಗಳ 22 ಪ್ರತಿಕೃತಿಗಳನ್ನು ಮುಟ್ಟಿನೋಡಲೆಂದೇ ಇರಿಸಿತು. ಅವುಗಳೊಡನೆ ಬ್ರೈಲ್ ಬರಹವೂ ಕಿವಿಯಿಂದ ಕೇಳುವ ವಿವರಣೆಯೂ ಇದ್ದವು. ಹೆಸರಿಟ್ಟವರ ಅಭಿರುಚಿಯನ್ನು ಮೆಚ್ಚಬೇಕು. ಧ್ವನಿಯು ಇಲ್ಲಿ ಬರಿಯ ಅಲಂಕಾರವಲ್ಲ. ಬ್ರೈಲನ್ನು ಓದುತ್ತಿರುವ ಬೆರಳು ಅದೇ ಕ್ಷಣದಲ್ಲಿ ಪ್ರತಿಮೆಯನ್ನು ಓದಲಾರದು, ಕಿವಿಯಾದರೋ ಬಿಡುವಾಗಿರುವುದು.

ಮನೆಯಲ್ಲಿ ಇಂತಹ ಮಗುವಿರುವವರು ವಿವರಣೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಡಬಹುದು. ಮಗುವು ತನಗೆ ಬೇಕಾದಾಗ ಕೇಳುತ್ತ, ನಿಲ್ಲಿಸುತ್ತ ತಡವಲಿ. "ಇಲ್ಲಿ ನೋಡು, ಅಲ್ಲಿ ನೋಡು" ಎಂಬ ಮಾತು ನಿಷ್ಪ್ರಯೋಜಕ. "ನಿನ್ನ ಎಡಕ್ಕೆ, ನಾಲ್ಕು ಬೆರಳು ದೂರದಲ್ಲಿ" ಎನ್ನಬೇಕು. ಕೈಯನ್ನು ಹಿಡಿದು ಎಳೆದಾಡಬಾರದು. ಆ ಹಿಟ್ಟಿನ ಬೆಟ್ಟದ ದಿನ ನಾವೇ ಈ ತಪ್ಪನ್ನು ಮಾಡಿದೆವು. ಹೊಳೆಯನ್ನು ತೋರಿಸುವ ಆತುರದಲ್ಲಿ ಅವನ ಬೆರಳನ್ನು ಹಿಡಿದೆಳೆದಾಗ, ಹುಡುಗನು ಮೆತ್ತಗೆ ಕೈ ಬಿಡಿಸಿಕೊಂಡು, "ನೀವು ಹೇಳಿ ಸಾಕು, ಮೇಷ್ಟ್ರೇ, ನಾನೇ ಹುಡುಕುತ್ತೇನೆ" ಎಂದನು.