ಆಕಾಶವಾಣಿಯೋ, ಆಳುವವರ ವಾಣಿಯೋ?



ರೇಡಿಯೋ ಸರ್ಕಾರದ ತುತ್ತೂರಿ ಅಂತ ಎಲ್ಲರೂ ಅಂತಾರೆ. ಗದ್ದುಗೆ ಕಳೆದುಕೊಂಡ ಪಕ್ಷದವರು ಎಲ್ಲರಿಗಿಂತ ಜೋರಾಗಿ ಅಂತಾರೆ. ಮತ್ತೆ ಗದ್ದುಗೆ ಹತ್ತಿದ ಮಾರನೇ ದಿನ ಅದೇ ತುತ್ತೂರಿ ಅವರ ಕಿವಿಗೆ ಇಂಪಾಗಿಬಿಡುತ್ತೆ. ಇದು ಇಂದು ನಿನ್ನೆಯ ಆಟವಲ್ಲ.

1975ರ ಜೂನ್ 26ರ ಬೆಳಿಗ್ಗೆ ಇಂದಿರಾ ಗಾಂಧಿ ತುರ್ತುಪರಿಸ್ಥಿತಿಯ ವಿಷಯ ದೇಶಕ್ಕೆ ಹೇಳಿದ್ದು ರೇಡಿಯೋದಲ್ಲಿ. ಜುಲೈ 1ರಂದು ಇಪ್ಪತ್ತು ಅಂಶಗಳ ಕಾರ್ಯಕ್ರಮ ಸಾರಿದ್ದೂ ರೇಡಿಯೋದಲ್ಲೇ. ಅದರಲ್ಲಿ ಜೀತ ನಿರ್ಮೂಲನೆ ಇತ್ತು. 1976ರಲ್ಲಿ ಕಾಯಿದೆಯೂ ಆಯಿತು. ಆ ಕಾಯಿದೆ ನಮಗೆ ಬೇಕಿತ್ತು, ಇವತ್ತಿಗೂ ಬೇಕು, ಅದನ್ನು ನಾವು ಹಳಿಯುವುದಿಲ್ಲ. ಆದರೆ ವಾರ್ತೆಯಲ್ಲಿ ಹೋದ ಜೀತ ಗೌಡರ ಕೊಟ್ಟಿಗೆಯಿಂದ ಹೋಗಲಿಲ್ಲ. ಸಗಣಿ ಬಾಚುತ್ತಿದ್ದವನ ಹತ್ತಿರ ಹೋಗಿ ‘ನಿನ್ನ ಸಾಲ ಹರೀತೇನಪ್ಪಾ?’ ಅಂತ ಕೇಳುವುದು ಆ ವಾರ್ತೆಯ ಕೆಲಸವಾಗಿರಲಿಲ್ಲ. ಕಾಂಗ್ರೆಸ್ಸಿನವರು ಕರೆದಾಗ ಹಾಡಲಿಲ್ಲ ಅಂತ ಕಿಶೋರ್ ಕುಮಾರ್ ಹಾಡುಗಳನ್ನೇ ರೇಡಿಯೋದಿಂದ ಕಿತ್ತುಹಾಕಿದ ಕಾಲ ಅದು. 1977ರ ಫೆಬ್ರವರಿ 6ರಂದು, ಕಾಂಗ್ರೆಸ್ ಬಿಟ್ಟು ಬಂದ ಜಗಜೀವನರಾಂ ದಿಲ್ಲಿಯ ರಾಮಲೀಲಾ ಮೈದಾನದ ಸಭೆಯಲ್ಲಿ ಮಾತಾಡುವವರಿದ್ದರು. ಜನ ಮನೆಯಲ್ಲೇ ಕೂರಲಿ ಅಂತ ಆ ಸಂಜೆ ದೂರದರ್ಶನದಲ್ಲಿ ‘ಬಾಬಿ’ ಸಿನಿಮಾ ಹಾಕಿದರು. ಜನ ಮೈದಾನಕ್ಕೇ ಹೋದರು!

ಆಮೇಲೆ ಬಂದ ಜನತಾ ಪಕ್ಷದವರು ವರ್ಗೀಸ್ ಸಮಿತಿ ಮಾಡಿದರು. ರೇಡಿಯೋ ಸರ್ಕಾರದ ಕೈಯಿಂದ ಬಿಡುಗಡೆಯಾಗಲಿ ಅಂತ ಸಮಿತಿ 1978ರಲ್ಲೇ ಹೇಳಿತು. ಪ್ರಸಾರ ಭಾರತಿ ಕಾಯಿದೆ ಆದದ್ದು 1990ರಲ್ಲಿ, ಜಾರಿಯಾದದ್ದು 1997ರಲ್ಲಿ. ಏಳು ವರ್ಷ ಯಾವ ಪಕ್ಷದವರಿಗೂ ಅವಸರವಾಗಲಿಲ್ಲ. ಜಾರಿಯಾದ ಮೇಲಾದರೂ ಸ್ವಾತಂತ್ರ್ಯ ಬಂತೇ? ಸಂಬಳದ ಗಂಟು ದಿಲ್ಲಿ ಸರ್ಕಾರದ ಕೈಲಿರುವಾಗ ಯಾರ ಸ್ವಾತಂತ್ರ್ಯ, ಎಂಥಾ ಸ್ವಾತಂತ್ರ್ಯ?

1954ರ ಅಕ್ಟೋಬರ್ 3ರಂದು ಇದೇ ಆಕಾಶವಾಣಿಯಲ್ಲಿ ಬಾಬಾಸಾಹೇಬರು ಮಾತಾಡಿದ್ದರು. ಸ್ವಾತಂತ್ರ್ಯ, ಸಮಾನತೆ, ಸೋದರತೆಗಳನ್ನು ತಾವು ಪಡೆದದ್ದು ಫ್ರಾನ್ಸಿನ ಕ್ರಾಂತಿಯಿಂದಲ್ಲ, ಬುದ್ಧನಿಂದ ಎಂದು ಸಾರಿದ್ದರು. ಸರಿಯಾಗಿ ಅರವತ್ತು ವರ್ಷಕ್ಕೆ, 2014ರ ಅಕ್ಟೋಬರ್ 3ರಂದು, ಪ್ರಧಾನಿಯ ‘ಮನ್ ಕಿ ಬಾತ್’ ಶುರುವಾಯಿತು. ಅದೇ ದಿನ ಆರೆಸ್ಸೆಸ್ ಮುಖ್ಯಸ್ಥರ ವಿಜಯದಶಮಿ ಭಾಷಣವನ್ನು ದೂರದರ್ಶನ ನಾಗಪುರದಿಂದ ನೇರವಾಗಿ ತೋರಿಸಿತು. 2017ರ ಆಗಸ್ಟ್ 15ಕ್ಕೆ ತ್ರಿಪುರದ ಆಗಿನ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಭಾಷಣ ಮಾತ್ರ ಆಕಾಶವಾಣಿಗೆ ಬೇಡವಾಯಿತು. ತಿದ್ದಿಕೊಟ್ಟರೆ ಹಾಕ್ತೀವಿ ಅಂದರು, ಆತ ಒಪ್ಪಲಿಲ್ಲ. ಆ ಭಾಷಣದಲ್ಲಿ ಏನಿತ್ತು ಗೊತ್ತೇ? ಗೋರಕ್ಷಣೆಯ ಹೆಸರಿನಲ್ಲಿ ಅಲ್ಪಸಂಖ್ಯಾತರ ಮೇಲೆ, ದಲಿತರ ಮೇಲೆ ಹಲ್ಲೆಯಾಗ್ತಿದೆ ಅನ್ನೋ ಮಾತಿತ್ತು. 2024ರ ಚುನಾವಣೆಯಲ್ಲಿ ಎಡಪಕ್ಷಗಳ ಭಾಷಣದಿಂದ ‘ಕರಾಳ ಕಾನೂನು’, ‘ಮುಸ್ಲಿಮರು’ ಅನ್ನೋ ಮಾತುಗಳನ್ನೇ ತೆಗೆಸಿದರು. ಕೇಳಿದರೆ, ನಿಯಮ ಅಂದರು.

ಪಕ್ಷಗಳ ಜಗಳ ಪಕ್ಷಗಳಿಗಿರಲಿ. ತಮ್ಮ ನಾಯಕನ ಹೆಸರು ವಾರ್ತೆಯಲ್ಲಿ ಎಷ್ಟು ಸಲ ಬಂತು ಅಂತ ಅವರು ಎಣಿಸಿಕೊಳ್ಳಲಿ. ನಾವು ಕೇಳೋದು ಬೇರೆ. ಯಾವ ಪಕ್ಷ ಬಂದರೂ ಬದಲಾಗದ ಒಂದು ಪಕ್ಷಪಾತ ಇದೆ. ಅದು ಪದಗಳೊಳಗೆ ಕೂತಿದೆ.

ಕೇರಿಗೆ ನುಗ್ಗಿ ಹೊಡೆದರೆ ಅದು ‘ಎರಡು ಗುಂಪುಗಳ ನಡುವೆ ಘರ್ಷಣೆ’. ಗುಡಿಸಲಿಗೆ ಬೆಂಕಿ ಇಟ್ಟರೆ ‘ಅಹಿತಕರ ಘಟನೆ’. ಕೊನೆಗೆ ‘ಪರಿಸ್ಥಿತಿ ಹತೋಟಿಯಲ್ಲಿದೆ’. ಯಾರ ಹತೋಟಿಯಲ್ಲಿ ಸ್ವಾಮಿ? ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟರು. ಒಳಗಿದ್ದವರದೊಂದು ಗುಂಪು, ಹೊರಗೆ ಬೆಂಕಿ ಹಿಡಿದು ನಿಂತವರದೊಂದು ಗುಂಪು, ಇಬ್ಬರೂ ಘರ್ಷಿಸಿದರು ಅನ್ನಬಹುದೇ? 1989ರ ಕಾಯಿದೆಯೇ ಇದನ್ನು ‘ದೌರ್ಜನ್ಯ’ ಅಂತ ಕರೆದಿದೆ. ಕಾನೂನು ಬಾಯಿಬಿಟ್ಟು ಹೇಳಿದ್ದನ್ನು ವಾರ್ತೆ ಓದುವವರ ಬಾಯಿ ಯಾಕೆ ಹೇಳಬಾರದು? ಸುದ್ದಿಯಲ್ಲಿ ಎಸ್ಪಿ ಮಾತಾಡ್ತಾರೆ, ಡಿಸಿ ಮಾತಾಡ್ತಾರೆ, ಮಂತ್ರಿ ಪರಿಹಾರದ ಚೆಕ್ಕು ಕೊಡ್ತಾರೆ. ಮಗನನ್ನು ಕಳಕೊಂಡ ತಾಯಿ ಮಾತ್ರ ಮಾತಾಡಲ್ಲ. ಅವಳಿಗೆ ಮಾತು ಬರೋದಿಲ್ಲವೇ? ಮೈಕು ಅವಳ ಹಟ್ಟಿವರೆಗೂ ಬರೋದಿಲ್ಲ, ಅಷ್ಟೆ.

ಆಕಾಶ ಯಾರಪ್ಪನ ಆಸ್ತಿ? ರೇಡಿಯೋ ಅಲೆಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಆದರೂ 2006ರಲ್ಲಿ ಜನರ ಸಂಘಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸಲು ಬಾಗಿಲು ತೆರೆದಾಗ, ಸುದ್ದಿ ಮಾತ್ರ ಹೇಳಕೂಡದು ಅಂತ ಷರತ್ತು ಹಾಕಿದರು. ಹಾಡಬಹುದು, ಹಸೆ ಹಾಡಬಹುದು, ಗೊಬ್ಬರದ ವಿಷಯ ಹೇಳಬಹುದು. ನಿನ್ನೆ ರಾತ್ರಿ ಕೇರಿಯಲ್ಲಿ ಏನಾಯಿತು ಅಂತ ಹೇಳಬಾರದು! ಬಾವಿ ನಿಮ್ಮದೇ, ನೀರು ಮಾತ್ರ ಮುಟ್ಟಬೇಡಿ ಅಂದ ಹಾಗೆ. ಈ ನ್ಯಾಯ ನಮಗೆ ಹೊಸದಲ್ಲ.

ಅದಕ್ಕೇ ನಮ್ಮ ಹಕ್ಕೊತ್ತಾಯ:

1. ದೌರ್ಜನ್ಯವನ್ನು ದೌರ್ಜನ್ಯ ಎಂದೇ ವಾರ್ತೆಯಲ್ಲಿ ಓದಬೇಕು. ‘ಘರ್ಷಣೆ’ ಸಾಕು.
2. ಪೊಲೀಸರ ಹೇಳಿಕೆ ಓದಿದ ದಿನವೇ ಪೆಟ್ಟು ತಿಂದವರ ಮಾತನ್ನೂ ಕೇಳಿಸಬೇಕು.
3. ಸುದ್ದಿ ವಿಭಾಗದಲ್ಲಿ ದಲಿತರು ಎಷ್ಟು ಜನ, ಯಾವ ಹುದ್ದೆಯಲ್ಲಿದ್ದಾರೆ ಎಂದು ಬಹಿರಂಗಪಡಿಸಬೇಕು.
4. ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಹೇಳುವ ಹಕ್ಕು ಕೊಡಬೇಕು.

ಗೆಳೆಯರೇ, ವಾರ್ತೆ ಕೇಳಿ ಸುಮ್ಮನೆ ಎದ್ದುಹೋಗಬೇಡಿ. ನಿಮ್ಮ ಊರಲ್ಲಿ ನಡೆದದ್ದೇನು, ರೇಡಿಯೋ ಹೇಳಿದ್ದೇನು, ಎರಡನ್ನೂ ತಾರೀಖು ಸಮೇತ ಬರೆದಿಡಿ. ಆಕಾಶವಾಣಿ ನಿಲಯಕ್ಕೆ ಕಾಗದ ಬರೆಯಿರಿ. ಉತ್ತರ ಬರದಿದ್ದರೆ ಗೇಟಿನ ಮುಂದೆ ತಮಟೆ ಹೊಡೆಯೋಣ. ತಮಟೆಗೆ ಯಾರ ಲೈಸೆನ್ಸೂ ಬೇಕಿಲ್ಲ.

ಜೈ ಭೀಮ್!