ಬಣ್ಣ ಬಳಿಯುವ ಕೈ: ಮೊಹರಂ ಹುಲಿವೇಷದ ಅಧ್ಯಯನ ಕುರಿತು

ಉತ್ತರ ಕರ್ನಾಟಕದ ಮೊಹರಂ ಕುರಿತ ಕನ್ನಡ ಅಧ್ಯಯನಗಳು ಬಹುಮಟ್ಟಿಗೆ ರಿವಾಯತ್ ಪದಗಳ ಸಂಗ್ರಹ, ಹೆಜ್ಜೆಮೇಳದ ವಿವರಣೆ ಹಾಗೂ ಹಿಂದೂ-ಮುಸ್ಲಿಂ ಸೌಹಾರ್ದದ ನಿರೂಪಣೆ ಎಂಬ ಮೂರು ನೆಲೆಗಳಲ್ಲಿ ಸಾಗಿವೆ. ಹಬ್ಬದಲ್ಲಿ ಹರಕೆಯಾಗಿ ಹಾಕುವ ಹುಲಿವೇಷದ ಪ್ರಸ್ತಾಪ ಬಂದರೂ ಅದು ಹಲಗೆಯ ಬಡಿತಕ್ಕೆ ಕುಣಿಯುತ್ತ ಬೀದಿಗಿಳಿದ ಹುಲಿಯಿಂದಲೇ ಆರಂಭವಾಗುತ್ತದೆ. ಅದಕ್ಕೂ ಮೊದಲು ಮನುಷ್ಯನೊಬ್ಬನ ಮುಖ, ಎದೆ, ಬೆನ್ನುಗಳ ಮೇಲೆ ಬಣ್ಣವೇರುವ ಕ್ರಿಯೆಯನ್ನು ಸಿದ್ಧತೆಯೆಂದು ಬಗೆದು ಬದಿಗಿರಿಸಲಾಗಿದೆ. ಈ ಕ್ರಿಯೆಯೂ ಆಚರಣೆಯ ಅಂಗವೇ ಆಗಿರುವುದರಿಂದ ಕ್ಷೇತ್ರಕಾರ್ಯ ಅಲ್ಲಿಂದಲೇ ಆರಂಭವಾಗಬೇಕೆಂಬುದು ಪ್ರಸ್ತುತ ಬರಹದ ನಿಲುವು.

ದಖ್ಖನಿನ ಮೊಹರಂನಲ್ಲಿ ಹುಲಿ ಹೊಸದಲ್ಲ. 1832ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದವಾಗಿ ಪ್ರಕಟವಾದ ಜಾಫರ್ ಶರೀಫರ ‘ಕಾನೂನ್-ಎ-ಇಸ್ಲಾಂ’ ಕೃತಿಯು ಮೊಹರಂ ವೇಷಗಳ ಸಾಲಿನಲ್ಲಿ ಹುಲಿಯನ್ನೂ ಎಣಿಸಿದೆ. ಹಜರತ್ ಅಲಿಯವರಿಗೆ ‘ಅಸದುಲ್ಲಾ’, ಅಂದರೆ ದೇವರ ಸಿಂಹ, ಎಂಬ ಬಿರುದಿದ್ದು, ಹುಲಿವೇಷವನ್ನು ಅದರೊಂದಿಗೆ ಜೋಡಿಸಿ ವಿವರಿಸುವುದುಂಟು. ಸಂತಾನವಾದರೆ, ಕಾಯಿಲೆ ವಾಸಿಯಾದರೆ ಹುಲಿಯಾಗುವೆನೆಂದು ಹರಕೆ ಹೊರುವವರಲ್ಲಿ ಹಿಂದೂಗಳೂ ಇದ್ದಾರೆ. ಹರಕೆ ಹೊತ್ತವನಿಗೆ ಬಣ್ಣವು ಅಲಂಕಾರವಾಗಿ ಉಳಿಯುವುದಿಲ್ಲ. ಆಡಿದ ಮಾತನ್ನು ಆತ ಮೈಯ ಮೇಲೆ ತೀರಿಸುತ್ತಾನೆ. ಆದ್ದರಿಂದ ಮೊದಲ ಬಣ್ಣ ಎಲ್ಲಿ ಬೀಳುತ್ತದೆ, ಬಳಿಯುವವರು ಯಾರು, ಬಳಿಸಿಕೊಳ್ಳುವವನು ಯಾವ ನೇಮ ಪಾಲಿಸುತ್ತಾನೆ ಎಂಬ ಪ್ರಶ್ನೆಗಳು ಆಚರಣೆಯ ಅರ್ಥಕ್ಕೇ ಸಂಬಂಧಿಸಿದವು.

ಬಣ್ಣದ ಕೆಲಸ ಎಷ್ಟನ್ನು ಹೇಳಬಲ್ಲದೆಂಬುದಕ್ಕೆ ಕರಾವಳಿಯ ಹುಲಿವೇಷ ಉತ್ತಮ ನಿದರ್ಶನ. ಉಡುಪಿಯ ಅಷ್ಟಮಿ ಹಾಗೂ ಮಂಗಳೂರಿನ ದಸರಾ ಸಂದರ್ಭಗಳಲ್ಲಿ ವೇಷಧಾರಿ ಮೈಯ ರೋಮ ತೆಗೆಸಿಕೊಂಡು, ತಳಬಣ್ಣ ಬಳಿಸಿಕೊಂಡು, ಅದು ಒಣಗುವವರೆಗೆ ಕೈಚಾಚಿ ನಿಲ್ಲಬೇಕು. ಅನಂತರವೇ ಪಟ್ಟೆಗಳನ್ನು ಬರೆಯಲಾಗುತ್ತದೆ. ಪಟ್ಟೆಪಿಲಿ, ಚಿಟ್ಟೆಪಿಲಿ ಎಂಬ ತುಳುವಿನ ಪ್ರಭೇದಗಳು ಕುಣಿತಕ್ಕೂ ಮೊದಲೇ ಕುಂಚದಲ್ಲಿ ನಿರ್ಧಾರವಾಗುತ್ತವೆ. ಎಣ್ಣೆಬಣ್ಣ ಬಂದ ಮೇಲೆ ಚರ್ಮದ ಉರಿ, ಬಣ್ಣ ತೆಗೆಯಲು ಸೀಮೆಎಣ್ಣೆಯ ಬಳಕೆ ಇವೂ ವೇಷದ ಅನುಭವಕ್ಕೆ ಸೇರಿದವು. ಈಚೆಗೆ ಬಂದಿರುವ ಸ್ಪ್ರೇ ಯಂತ್ರ ನಿಲ್ಲುವ ಅವಧಿಯನ್ನು ತಗ್ಗಿಸಿದೆ. ಅದರೊಂದಿಗೆ ಒಬ್ಬೊಬ್ಬ ಬಣ್ಣಗಾರನ ಗೆರೆಯ ವೈಶಿಷ್ಟ್ಯವೂ ಮಸುಕಾಗುವ ಸಾಧ್ಯತೆಯಿದೆ. ಕೇರಳದ ತ್ರಿಶೂರಿನಲ್ಲಿ ಓಣಂ ಹಬ್ಬದ ಪುಲಿಕಳಿಗೆ ಗಂಟೆಗಟ್ಟಲೆ ನಡೆಯುವ ಬಣ್ಣದ ಕೆಲಸವನ್ನು ನೋಡಲೆಂದೇ ಜನ ಸೇರುತ್ತಾರೆ. ಬಯಲುಸೀಮೆಯ ಹುಲಿಗೆ ಇಂಥ ಗಮನ ದೊರೆತಿಲ್ಲ.

ಇದು ಚಿತ್ರಕಲೆಯವರ ವಿಷಯ, ಕನ್ನಡ ವಿಭಾಗದ್ದಲ್ಲ ಎಂಬ ಆಕ್ಷೇಪ ಬರಬಹುದು. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸುವ ಮುನ್ನ ಬೀಸುವ ಕಲ್ಲಿನ ಮುಂದಿನ ಹಾಡನ್ನು ಸಾಹಿತ್ಯವೆಂದು ಮನ್ನಿಸಿದವರು ಎಷ್ಟು ಜನ? ಅವರು ತೆರೆದ ದಾರಿಯಲ್ಲಿ ನಾವು ಪದಗಳನ್ನು ಧಾರಾಳವಾಗಿ ಸಂಗ್ರಹಿಸಿದೆವು. ಹಾಡಿಲ್ಲದ ಕಸುಬುಗಳ ಬಳಿ ನಿಲ್ಲಲಿಲ್ಲ. ಬಣ್ಣದ ಹದ, ಗೆರೆಯ ಬಗೆ, ಕುಂಚದ ಹಿಡಿತ ಇವುಗಳಿಗೆ ಊರೂರಿನಲ್ಲಿರುವ ಮಾತುಗಳು ಕನ್ನಡದವೇ. ಬಳಿಯುವ ಕೈ ನಿಂತರೆ ಅವೂ ಹೋಗುತ್ತವೆ.

ಇನ್ನೊಂದು ಕಾರಣ ಹೆಚ್ಚು ಗಂಭೀರವಾದುದು. 2024ರಲ್ಲಿ ತಿಕೋಟಾ ತಾಲ್ಲೂಕಿನ ಹೊನವಾಡದ ಹೆಸರು ವಕ್ಫ್ ಜಮೀನಿನ ವಿವಾದದಿಂದ ನಾಡಿನಾದ್ಯಂತ ಸುದ್ದಿಯಾಯಿತು. ಜಮೀನಿನ ಕಲಹಕ್ಕೆ ಪಹಣಿ, ನೋಟಿಸುಗಳ ದಾಖಲೆಯುಂಟು. ಈ ಸೀಮೆಯ ಜನ ಕೂಡಿ ಆಚರಿಸುವ ಹಬ್ಬದ ಕೈಗೆಲಸಕ್ಕೆ ದಾಖಲೆ ವಿರಳ. ‘ಸೌಹಾರ್ದ’ ಎಂಬ ಪದವನ್ನು ನಮ್ಮ ಪ್ರಬಂಧಗಳು ಎಷ್ಟು ಸಲ ಬಳಸಿದರೂ, ಯಾರ ಮೈಗೆ ಯಾರು ಬಣ್ಣ ಬಳಿದರೆಂಬ ವಿವರವಿಲ್ಲದೆ ಅದು ಘೋಷಣೆಯಾಗಿಯೇ ಉಳಿಯುತ್ತದೆ. ವಿವರ ನಮ್ಮ ನಿರೀಕ್ಷೆಗೆ ವಿರುದ್ಧವಾಗಿ ಬಂದರೆ ಅದನ್ನೂ ಬರೆದಿಡುವುದು ಸಂಶೋಧಕರ ಹೊಣೆ.

ಆದ್ದರಿಂದ ಮೊಹರಂ ಕುರಿತು ಕ್ಷೇತ್ರಕಾರ್ಯ ಕೈಗೊಳ್ಳುವವರು ಬಳಸಿದ ಬಣ್ಣ, ಬಳಿದ ಕ್ರಮ, ತಗಲಿದ ಸಮಯ, ಸಂದ ಪ್ರತಿಫಲ, ಬಣ್ಣ ತೆಗೆದ ಬಗೆ ಇಷ್ಟನ್ನಾದರೂ ದಾಖಲಿಸಬೇಕು. ಹಾಡುಗಾರರಂತೆ ಬಣ್ಣಗಾರರನ್ನೂ ವಕ್ತೃಗಳ ಪಟ್ಟಿಗೆ, ಅವರ ಒಪ್ಪಿಗೆ ಪಡೆದು, ಸೇರಿಸಬೇಕು. ಮಾರ್ಗದರ್ಶಕರು ಪ್ರಶ್ನಾವಳಿಯಲ್ಲಿ ಇದಕ್ಕೊಂದು ಪುಟ ಮೀಸಲಿಟ್ಟರೂ ಬರುವ ಮೊಹರಂನಿಂದಲೇ ಈ ಕೆಲಸ ಆರಂಭವಾಗಬಲ್ಲದು.