ಮಂಚದಡಿಯ ಕಾವಲುಗಾರ

ನರಕಚತುರ್ದಶಿಯ ನಸುಕಿನಲ್ಲಿ ಮೊದಲ ಪಟಾಕಿ ಸಿಡಿದೊಡನೆ, ವರ್ಷವಿಡೀ ಮನೆ ಕಾಯ್ದ ನಾಯಿ ಮಂಚದಡಿಗೆ ನುಸುಳುತ್ತದೆ. ಏದುಸಿರು, ಜೊಲ್ಲು, ಮೈನಡುಕ; ಮುಂದಿಟ್ಟ ಅನ್ನವನ್ನೂ ಮೂಸದು. ಮನೆಮಂದಿಗೋ ನಗು! ಬತ್ತಿಗೆ ಕಿಡಿಯಿಟ್ಟವನು ಸದ್ದನ್ನು ಎದುರುನೋಡುತ್ತಿರುತ್ತಾನೆ. ನಾಯಿಗೆ ಅದು ಎಲ್ಲಿಂದಲೋ ಎರಗುವ ಸಿಡಿಲು. ಕಿವಿಯೂ ಸಾಮಾನ್ಯದ್ದಲ್ಲ. ಮನುಷ್ಯನ ಶ್ರವಣ ಸೆಕೆಂಡಿಗೆ ಸುಮಾರು 20,000 ಕಂಪನಗಳಿಗೆ ನಿಂತರೆ, ಅದರದು 45,000ದವರೆಗೂ ಏರುತ್ತದೆ. ಧೈರ್ಯ ಕಲಿಸುವೆವೆಂದು ಅದನ್ನು ಅಂಗಳಕ್ಕೆಳೆದು ಕಟ್ಟುವ ಯಜಮಾನರೂ ಉಂಟು. ಇದು ಪಾಠವಲ್ಲ, ಹಿಂಸೆ. ಕಟ್ಟು ಕಿತ್ತು ಓಡಿದ ನಾಯಿ ಕೆಲವೊಮ್ಮೆ ಮರಳುವುದೇ ಇಲ್ಲ. ಸಂತೈಸಿದರೆ ಅಂಜಿಕೆ ಹೆಚ್ಚುವುದೆಂಬ ಹಳೆಯ ಮಾತನ್ನು ಇಂದಿನ ಪಶುವೈದ್ಯರು ಒಪ್ಪುವುದಿಲ್ಲ. ಕಿಟಕಿಗಳನ್ನು ಮುಚ್ಚಿ, ಮಂಚದಡಿಯ ಆಶ್ರಯವನ್ನು ಅದಕ್ಕೇ ಬಿಟ್ಟು, ಮನೆಯವರೊಬ್ಬರು ಬಳಿಯಲ್ಲಿ ಕುಳಿತಿರಬೇಕು. ಅವರ ಅಭ್ಯಂಜನ ತುಸು ತಡವಾದೀತು, ಅಷ್ಟೆ.